ಹಸಿರು ಗುರುತನ್ನು ಯಾವಾಗ ನಂಬಬೇಕು? ಕಂಟೈನರ್ ಟೂಲುಗಳ ಸಿಸ್ಟಮ್ ಟೆಸ್ಟ್: ಒಂದು ಸಮೀಕ್ಷೆ

ಬೆಂಗಳೂರಿನ ಜಾಲಹಳ್ಳಿಯ ಸುತ್ತಮುತ್ತ ಬೆಳೆದವರಿಗೆ ತಪಾಸಣೆ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. 1953ರಲ್ಲಿ ಹುಟ್ಟಿದ ಎಚ್‌ಎಂಟಿಯ ಮೊದಲ ಕಾರ್ಖಾನೆ ಎದ್ದದ್ದು ಇಲ್ಲೇ. ಮರುವರ್ಷ ಬಿಇಎಲ್ ಬಂತು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳಿಗೆಂದೇ ಒಂದು ಕೇಂದ್ರ ಸಂಸ್ಥೆ ಶುರುವಾಯಿತು. ಇವತ್ತಿಗೆ ಅದು ಸಿಎಂಟಿಐ. ಗೇಜಿಗೆ ಹಿಡಿದು ನೋಡದ ಬಿಡಿಭಾಗ ಗೇಟು ದಾಟಬಾರದು ಎಂಬ ಶಿಸ್ತು ಪೀಣ್ಯದ ಸಣ್ಣ ಶೆಡ್ಡುಗಳಿಗೂ ಗೊತ್ತಿರುವಂಥದ್ದು.

ಇಲ್ಲಿನ ಮುಂದಿನ ತಲೆಮಾರು ಸಾಫ್ಟ್‌ವೇರ್ ಬರೆಯುತ್ತಿದೆ. ಅಲ್ಲಿ ಗೇಜ್ ಯಾವುದು, ಅದನ್ನು ಎಲ್ಲಿ ಹಿಡಿಯಬೇಕು ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ. ಆ ಚರ್ಚೆಯ ಒಂದು ತುಂಡನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ: ಡಾಕರ್, ಪಾಡ್‌ಮನ್‌ನಂಥ ಕಂಟೈನರ್ ನಿರ್ವಹಣೆಯ ಕಮಾಂಡ್‌ಲೈನ್ ಟೂಲುಗಳಿಗೆ ಸ್ವಯಂಚಾಲಿತ ಸಿಸ್ಟಮ್ ಟೆಸ್ಟ್ ಬರೆಯುವುದು ಹೇಗೆ, ಅದು ಪಾಸೆಂದು ತೋರಿಸುವ ಹಸಿರು ಗುರುತನ್ನು ಯಾವಾಗ ನಂಬಬೇಕು? ಇಂದು ಸಾವಿರಾರು ಸೇವೆಗಳು ಕಂಟೈನರುಗಳ ಒಳಗೆ ಓಡುತ್ತಿವೆ. ಅವನ್ನು ಎಬ್ಬಿಸುವ, ನಿಲ್ಲಿಸುವ, ಅಳಿಸುವ ಕಮಾಂಡ್ ತಪ್ಪಿದರೆ ಮೇಲಿನದೆಲ್ಲ ತಪ್ಪುತ್ತದೆ. ಆದ್ದರಿಂದ ಇದು ಬರೀ ಟೆಸ್ಟರುಗಳ ಒಳಜಗಳವಲ್ಲ.

## ಬೂತಿನಲ್ಲಿ ನಡೆಯುವ ಸಿಸ್ಟಮ್ ಟೆಸ್ಟ್

ಸಿಸ್ಟಮ್ ಟೆಸ್ಟ್ ಎಂದರೇನು ಎಂದು ತಿಳಿಯಲು ಜಾಲಹಳ್ಳಿಯವರಿಗೆ ಪರಿಚಿತವಾದ ಒಂದು ಯಂತ್ರವೇ ಸಾಕು. ದೇಶದ ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಬಿಇಎಲ್ ಒಂದು. ಇನ್ನೊಂದು ಹೈದರಾಬಾದಿನ ಇಸಿಐಎಲ್. ಯಂತ್ರದ ಬಿಡಿಭಾಗಗಳ ಪರೀಕ್ಷೆ ಕಾರ್ಖಾನೆಯಲ್ಲೇ ಆಗುತ್ತದೆ. ಚುನಾವಣೆಗೆ ಮುನ್ನ ಜಿಲ್ಲೆಗಳಲ್ಲಿ ಮೊದಲ ಹಂತದ ತಪಾಸಣೆ, ಅಂದರೆ ಎಫ್‌ಎಲ್‌ಸಿ ನಡೆಯುತ್ತದೆ. ಆಗ ಶೇ. 1ರಷ್ಟು ಯಂತ್ರಗಳಲ್ಲಿ 1,200, ಶೇ. 2ರಷ್ಟರಲ್ಲಿ 1,000, ಇನ್ನು ಶೇ. 2ರಷ್ಟರಲ್ಲಿ 500 ಅಣಕು ಮತ ಹಾಕಿ ತಾಳೆ ನೋಡುವ ಪದ್ಧತಿಯಿದೆ. ಕೊನೆಗೆ ಮತದಾನದ ದಿನ ಬೆಳಗ್ಗೆ, ಬೂತಿನಲ್ಲೇ, ಏಜೆಂಟರ ಎದುರಿಗೆ ಕನಿಷ್ಠ 50 ಮತಗಳ ಅಣಕು ಮತದಾನ.

ಈ ಕೊನೆಯದೇ ಸಿಸ್ಟಮ್ ಟೆಸ್ಟ್. ಇಡೀ ಯಂತ್ರ, ನಿಜವಾದ ಜಾಗ, ಮತದಾರ ಒತ್ತುವ ಅದೇ ಬಟನ್. ಮೊದಲಿನ ಪರೀಕ್ಷೆಗಳೆಲ್ಲ ಪಾಸಾಗಿದ್ದರೂ ಇದನ್ನು ಬಿಡುವಂತಿಲ್ಲ. ಏಕೆಂದರೆ ಕೇಬಲ್ ಜೋಡಿಸಿದ ಮೇಲೆ ಮಾತ್ರ ಕಾಣುವ ದೋಷಗಳು ಇರುತ್ತವೆ.

ಅಣಕು ಮತದಾನ ಮುಗಿದ ಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್ ಎಂಬ ಮೂರು ಬಟನ್‌ಗಳನ್ನು ಅದೇ ಕ್ರಮದಲ್ಲಿ ಒತ್ತಬೇಕು. ಕೆಲವು ಬೂತ್‌ಗಳಲ್ಲಿ ಕ್ಲಿಯರ್ ಒತ್ತುವುದು ಮರೆತು, ಅಣಕು ಮತಗಳು ನಿಜವಾದ ಮತಗಳೊಂದಿಗೆ ಸೇರಿಹೋದದ್ದುಂಟು. ಅಂಥ ಯಂತ್ರಗಳನ್ನು ಎಣಿಕೆಯ ವೇಳೆ ಬದಿಗಿಟ್ಟು, ಅಗತ್ಯ ಬಿದ್ದರೆ ವಿವಿಪ್ಯಾಟ್ ಚೀಟಿಗಳನ್ನು ಎಣಿಸುವ ಕ್ರಮವನ್ನು ಚುನಾವಣಾ ಆಯೋಗ ರೂಪಿಸಬೇಕಾಯಿತು. ಪರೀಕ್ಷೆ ಸರಿಯಾಗಿ ನಡೆದರೂ ಅದು ಬಿಟ್ಟುಹೋದ ಶೇಷ ಮುಂದಿನ ಕೆಲಸವನ್ನು ಕೆಡಿಸಬಲ್ಲದು. ಕಂಟೈನರ್ ಟೂಲುಗಳ ಟೆಸ್ಟ್ ಬರೆಯುವವರು ಅತಿ ಹೆಚ್ಚು ಹೆಣಗುವುದೂ ಇದರ ಜತೆಗೇ.

## ಇಲ್ಲಿಯವರೆಗಿನ ದಾರಿ

ಕಂಟೈನರ್ ಎಂಬುದು ಒಂದೇ ವಸ್ತುವಲ್ಲ, ಲಿನಕ್ಸ್ ಕರ್ನೆಲ್ಲಿನ ಹಲವು ಸೌಲಭ್ಯಗಳ ಕೂಟ. 1979ರ ಯುನಿಕ್ಸ್‌ನಲ್ಲಿ ಬಂದ ಸಿಎಚ್‌ರೂಟ್ ಅದರ ಬೇರು. 2008ರ ಆರಂಭದಲ್ಲಿ, ಪ್ರೋಸೆಸ್ಸುಗಳ ಸಂಪನ್ಮೂಲ ಬಳಕೆಗೆ ಮಿತಿ ಹಾಕುವ ಸಿಗ್ರೂಪ್ ಕರ್ನೆಲ್ಲಿಗೆ ಸೇರಿತು. ಸಾಮಾನ್ಯ ಬಳಕೆದಾರನಿಗೂ ತನ್ನದೇ ಕಂಟೈನರ್ ಎಬ್ಬಿಸಲು ದಾರಿ ಮಾಡಿದ ಯೂಸರ್ ನೇಮ್‌ಸ್ಪೇಸ್ 2013ರಲ್ಲಿ ಒಂದು ರೂಪಕ್ಕೆ ಬಂತು. ಅದೇ ವರ್ಷದ ಮಾರ್ಚ್‌ನಲ್ಲಿ ಡಾಕರ್ ಹೊರಬಿತ್ತು. 2015ರಲ್ಲಿ ಒಸಿಐ ಎಂಬ ಒಕ್ಕೂಟ ಹುಟ್ಟಿ, ಇಮೇಜ್ ಮತ್ತು ರನ್‌ಟೈಮ್‌ಗೆ ಸಾಮಾನ್ಯ ನಿಯಮ ಬರೆಯಿತು. ಒಂದೇ ನಿಯಮಕ್ಕೆ ಹಲವು ಟೂಲುಗಳು ಬರಲು ಇದರಿಂದ ದಾರಿಯಾಯಿತು. 2018ರಲ್ಲಿ ರೆಡ್ ಹ್ಯಾಟ್ ಬಳಗದಿಂದ ಬಂದ ಪಾಡ್‌ಮನ್, ಹಿನ್ನೆಲೆಯಲ್ಲಿ ಸದಾ ಓಡುವ ಡೀಮನ್ ಇಲ್ಲದೆಯೇ ಡಾಕರ್‌ನ ಕಮಾಂಡುಗಳನ್ನು ನಡೆಸಿ ತೋರಿಸಿತು.

ಟೆಸ್ಟಿನ ವಂಶಾವಳಿ ಬೇರೆ. 1987ರಲ್ಲಿ ಪರ್ಲ್ ಭಾಷೆಯ ಜತೆ ಟ್ಯಾಪ್ ಎಂಬ ಸರಳ ವರದಿ ಕ್ರಮ ಬಂತು: ಪ್ರತಿ ಪರೀಕ್ಷೆಗೆ ಒಂದು ಸಾಲು, ಸರಿ ಅಥವಾ ಸರಿಯಿಲ್ಲ. 2011ರಲ್ಲಿ ಸ್ಯಾಮ್ ಸ್ಟೀಫನ್‌ಸನ್ ಬ್ಯಾಶ್ ಶೆಲ್ಲಿಗಾಗಿ ಬ್ಯಾಟ್ಸ್ ಬರೆದರು. ಅದು ಟ್ಯಾಪ್‌ನಲ್ಲೇ ವರದಿ ಕೊಡುತ್ತದೆ. 2017ರಿಂದ ಅದನ್ನು ಬ್ಯಾಟ್ಸ್ ಕೋರ್ ಎಂಬ ಸಮುದಾಯ ಮುಂದುವರಿಸಿದೆ. ಗೋ ಭಾಷೆಯ ಕಡೆ 2013ರ ಹೊತ್ತಿಗೆ ಗಿಂಕ್ಗೊ ಬಂತು. ಕುಬರ್ನೆಟೀಸ್‌ನ ದೊಡ್ಡ ಟೆಸ್ಟುಗಳು ನಿಂತಿರುವುದು ಅದರ ಮೇಲೆ. ಈ ಎರಡು ವಂಶಗಳು ಸೇರುವಲ್ಲಿ ಮೂರು ಪಂಥಗಳು ಕಾಣುತ್ತವೆ.

## ಮೊದಲ ಪಂಥ: ತಳ ಗಟ್ಟಿಯಿರಲಿ, ತುದಿ ಸಣ್ಣದಿರಲಿ

ಮೈಕ್ ಕೋನ್ 2009ರಲ್ಲಿ ಮುಂದಿಟ್ಟ ಟೆಸ್ಟ್ ಪಿರಮಿಡ್ ಈ ಪಂಥದ ಆಧಾರ. ತಳದಲ್ಲಿ ಸಾವಿರಾರು ಯೂನಿಟ್ ಟೆಸ್ಟ್, ನಡುವೆ ಕೆಲವು, ತುದಿಯಲ್ಲಿ ಬೆರಳೆಣಿಕೆಯಷ್ಟು ಸಿಸ್ಟಮ್ ಟೆಸ್ಟ್. 2015ರಲ್ಲಿ ಗೂಗಲ್‌ನ ಟೆಸ್ಟಿಂಗ್ ತಂಡದಿಂದ ಬಂದ ಬರಹವೊಂದು ಇನ್ನಷ್ಟು ಎಂಡ್ ಟು ಎಂಡ್ ಟೆಸ್ಟ್ ಬೇಡವೆಂದು ನೇರವಾಗಿಯೇ ವಾದಿಸಿ, 70, 20, 10ರ ಅನುಪಾತವನ್ನು ಸೂಚಿಸಿತು. ದೊಡ್ಡ ಟೆಸ್ಟ್ ನಿಧಾನ, ಬಿದ್ದಾಗ ಕಾರಣ ಹೇಳುವುದಿಲ್ಲ, ಸುಮ್ಮಸುಮ್ಮನೆ ಬೀಳುತ್ತದೆ ಎಂಬುದು ಅದರ ತಕರಾರು.

ಈ ವಾದದಲ್ಲಿ ಹುರುಳಿದೆ. ಇಮೇಜಿನ ಹೆಸರನ್ನು ಬಿಡಿಸುವುದು, ಫ್ಲ್ಯಾಗುಗಳನ್ನು ಓದುವುದು, ಪೋರ್ಟ್ ಸಂಖ್ಯೆಯ ಮಿತಿ ನೋಡುವುದು ಇಂಥವಕ್ಕೆ ಕಂಟೈನರ್ ಎಬ್ಬಿಸುವ ಅಗತ್ಯವೇ ಇಲ್ಲ. ಆದರೆ ಕಂಟೈನರ್ ಟೂಲಿನ ಮುಖ್ಯ ಕೆಲಸವೇ ಕರ್ನೆಲ್ಲಿನ ಜತೆ ವ್ಯವಹರಿಸುವುದು. ಅಣಕು ಕರ್ನೆಲ್ ಇಟ್ಟು ಯೂನಿಟ್ ಟೆಸ್ಟ್ ಬರೆದರೆ, ಪರೀಕ್ಷೆಗೆ ಒಳಗಾಗುವುದು ಕರ್ನೆಲ್ ಬಗ್ಗೆ ನಮಗಿರುವ ಕಲ್ಪನೆ ಮಾತ್ರ. ಕಂಟೈನರನ್ನು ಕೆಳಹಂತದಲ್ಲಿ ಎಬ್ಬಿಸುವ ರನ್‌ಸಿ ಎಂಬ ಟೂಲಿನಲ್ಲಿ 2019ರ ಫೆಬ್ರುವರಿಯಲ್ಲಿ ಬಯಲಾದ ದೋಷದಲ್ಲಿ ಕಂಟೈನರಿನ ಒಳಗಿದ್ದವನು ಹೊರಗಿನ ರನ್‌ಸಿ ಬೈನರಿಯನ್ನೇ ತಿದ್ದಿ ಬರೆಯಬಹುದಿತ್ತು. ಅದೇ ರನ್‌ಸಿಯ 2024ರ ಜನವರಿಯ ದೋಷದಲ್ಲಿ ಮುಚ್ಚದೆ ಬಿಟ್ಟ ಒಂದು ಫೈಲ್ ಡಿಸ್ಕ್ರಿಪ್ಟರ್ ಹೊರಜಗತ್ತಿಗೆ ಬಾಗಿಲಾಗಿತ್ತು. ಎರಡೂ ಹುಟ್ಟಿದ್ದು ಪ್ರೋಸೆಸ್ ಮತ್ತು ಕರ್ನೆಲ್ ನಡುವಿನ ಸಂದಿಯಲ್ಲಿ; ಒಂದೊಂದೇ ಫಂಕ್ಷನ್ನನ್ನು ಬಿಡಿಸಿ ನೋಡಿದರೆ ಕಾಣುವಂಥವಲ್ಲ.

## ಎರಡನೆಯ ಪಂಥ: ಬಳಕೆದಾರ ಟೈಪ್ ಮಾಡುವುದನ್ನೇ ಮಾಡಿ

ರನ್‌ಸಿ, ಕ್ರಯೋ, ಬಿಲ್ಡಾ, ಸ್ಕೋಪಿಯೊ, ಪಾಡ್‌ಮನ್ ಈ ಐದೂ ಕಂಟೈನರ್ ಯೋಜನೆಗಳು ಬ್ಯಾಟ್ಸ್ ಬಳಸುತ್ತವೆ. ಬಳಸುವವನು ಶೆಲ್ಲಿನಲ್ಲಿ ಕಮಾಂಡ್ ಕೊಡುತ್ತಾನಾದ್ದರಿಂದ ಟೆಸ್ಟೂ ಶೆಲ್ಲಿನಲ್ಲೇ ಇರಲಿ ಎಂಬುದು ಇವುಗಳ ನಿಲುವು. ಬಿದ್ದ ಟೆಸ್ಟಿನ ಸಾಲನ್ನು ಎತ್ತಿ ಟರ್ಮಿನಲ್ಲಿಗೆ ಹಾಕಿದರೆ ದೋಷ ಮತ್ತೆ ಕಾಣಬೇಕು. ಲಿನಕ್ಸ್ ಡಿಸ್ಟ್ರಿಬ್ಯೂಷನ್ ಕಟ್ಟುವವರಿಗೂ ಇದು ಅನುಕೂಲ: ಫೆಡೋರಾದಲ್ಲಿ ಪಾಡ್‌ಮನ್‌ನ ಈ ಟೆಸ್ಟುಗಳೇ ಪ್ರತ್ಯೇಕ ಪ್ಯಾಕೇಜಾಗಿ ಸಿಗುತ್ತವೆ, ಸೋರ್ಸ್ ಕೋಡ್ ಇಲ್ಲದೆಯೂ ಇನ್‌ಸ್ಟಾಲ್ ಆದ ಬೈನರಿಯನ್ನು ಒರೆಗೆ ಹಚ್ಚಬಹುದು.

ಒಂದು ಟೆಸ್ಟನ್ನು ಹತ್ತಿರದಿಂದ ನೋಡೋಣ. ಪಾಡ್‌ಮನ್‌ನ ರನ್ ಕಮಾಂಡಿಗೆ ಬರೆದ ಟೆಸ್ಟಿನಲ್ಲಿ ಒಂದು ಪುಟ್ಟ ಕೋಷ್ಟಕವಿದೆ. ಕಂಟೈನರಿನೊಳಗೆ ಟ್ರೂ ಓಡಿಸಿದರೆ ಎಕ್ಸಿಟ್ ಕೋಡ್ 0 ಬರಬೇಕು, ಫಾಲ್ಸ್ ಓಡಿಸಿದರೆ 1. ಶೆಲ್ ಒಳಗಿಂದ 32 ಎಂದು ಹೊರಬಿದ್ದರೆ ಹೊರಗೂ 32. ಇಲ್ಲದ ಕಮಾಂಡಿಗೆ 127. ಓಡಿಸಲಾಗದ ಡೈರೆಕ್ಟರಿಯೊಂದರ ಹೆಸರು ಕೊಟ್ಟರೆ 126. ಇವಲ್ಲದೆ, ಪಾಡ್‌ಮನ್ ತಾನೇ ಎಡವಿದ್ದರೆ ಕೊಡುವ ಕೋಡ್ 125.

ನೋಡಲು ಏನೂ ಅಲ್ಲ ಅನಿಸಬಹುದು. ಆದರೆ ಆ 32 ಎಂಬ ಅಂಕಿ ಬಳಕೆದಾರನನ್ನು ತಲುಪಲು ಒಳಗಿನ ಶೆಲ್ಲಿನಿಂದ ಕರ್ನೆಲ್ಲಿಗೆ, ಅಲ್ಲಿಂದ ಕಂಟೈನರನ್ನು ಕಾಯುವ ಕಾನ್‌ಮನ್ ಎಂಬ ಪುಟ್ಟ ಪ್ರೋಗ್ರಾಮಿಗೆ, ಅಲ್ಲಿಂದ ಪಾಡ್‌ಮನ್‌ಗೆ, ಕೊನೆಗೆ ಹೊರಗಿನ ಶೆಲ್ಲಿಗೆ ದಾಟಬೇಕು. ಈ ಹಾದಿಯಲ್ಲಿ ಯಾರೇ ಸುಮ್ಮನೆ 0 ಎಂದುಬಿಟ್ಟರೆ, ರಾತ್ರಿ ಓಡಿದ ಬ್ಯಾಕಪ್ ಕೆಲಸ ಕೆಟ್ಟಿದ್ದರೂ ಬೆಳಗ್ಗೆ ಎಲ್ಲ ಸರಿಯಿದೆ ಎಂಬ ವರದಿ ಕಾಣುತ್ತದೆ. ಕೋಷ್ಟಕದ ಒಂದೊಂದು ಸಾಲೂ ಅಂಥ ಒಂದು ಅನಾಹುತಕ್ಕೆ ತಡೆ.

ಈ ಪಂಥದ ದೌರ್ಬಲ್ಯ ಶೆಲ್ ಭಾಷೆಯಲ್ಲೇ ಇದೆ. ಬ್ಯಾಟ್ಸ್‌ನ ರನ್ ಸಹಾಯಕ, ಕಮಾಂಡ್ ಫೇಲಾದರೂ ಟೆಸ್ಟನ್ನು ನಿಲ್ಲಿಸುವುದಿಲ್ಲ; ಕೋಡನ್ನು ಎತ್ತಿಡುತ್ತದೆ ಅಷ್ಟೆ. ಅದನ್ನು ತಾಳೆ ನೋಡಲು ಮರೆತರೆ ಆ ಟೆಸ್ಟ್ ಎಂದೆಂದಿಗೂ ಪಾಸು. ಆಶ್ಚರ್ಯಸೂಚಕ ಚಿಹ್ನೆ ಹಾಕಿ ತಿರುವಿದ ಕಮಾಂಡ್ ಟೆಸ್ಟಿನ ನಡುವಲ್ಲಿದ್ದರೆ, ಬ್ಯಾಶ್‌ನ ನಿಯಮದಂತೆ ಅದರ ಸೋಲು ಲೆಕ್ಕಕ್ಕೇ ಬರುವುದಿಲ್ಲ. ಪಾಡ್‌ಮನ್ ತಂಡ ಇದಕ್ಕೊಂದು ಕಟ್ಟು ಹಾಕಿಕೊಂಡಿದೆ: ಅವರ ಸಹಾಯಕ ಫಂಕ್ಷನ್, ಬೇರೆ ಅಂಕಿ ಹೇಳದಿದ್ದರೆ 0 ಬರಲೇಬೇಕೆಂದು ಹಟ ಹಿಡಿಯುತ್ತದೆ, ಕಮಾಂಡ್ ಸಿಕ್ಕಿಹಾಕಿಕೊಂಡರೆ ನಿಗದಿತ ಸಮಯದ ನಂತರ ಕೊಲ್ಲುತ್ತದೆ, ಓಡಿಸಿದ್ದನ್ನೂ ಬಂದದ್ದನ್ನೂ ಲಾಗಿನಲ್ಲಿ ಬರೆಯುತ್ತದೆ.

## ಮೂರನೆಯ ಪಂಥ: ಟೂಲಿನ ಭಾಷೆಯಲ್ಲೇ ಬರೆಯಿರಿ

ಡಾಕರ್, ಪಾಡ್‌ಮನ್ ಎರಡೂ ಗೋ ಭಾಷೆಯವು. ಹಾಗಾದರೆ ಟೆಸ್ಟೂ ಗೋದಲ್ಲೇ ಏಕಿರಬಾರದು? ಟೈಪ್ ತಪಾಸಣೆ ಸಿಗುತ್ತದೆ, ಜೇಸನ್ ಔಟ್‌ಪುಟ್ ಬಿಡಿಸುವುದು ಸುಲಭ, ಡೆವಲಪರು ಒಂದೇ ಭಾಷೆಯಲ್ಲಿ ಇರಬಹುದು. ಪಾಡ್‌ಮನ್‌ನಲ್ಲೇ ಗಿಂಕ್ಗೊ ಆಧರಿಸಿದ ಇನ್ನೊಂದು ದೊಡ್ಡ ಟೆಸ್ಟ್ ಕಟ್ಟು ಇದೆ. ಎರಡೂ ಅಕ್ಕಪಕ್ಕ ಬಾಳುತ್ತಿವೆ.

ಡಾಕರ್‌ನ ಹಾದಿ ಇನ್ನಷ್ಟು ಪಾಠ ಹೇಳುತ್ತದೆ. ಮೊದಮೊದಲು ಅಲ್ಲಿ ಕಮಾಂಡ್‌ಲೈನ್ ಓಡಿಸಿ ಡೀಮನ್ನನ್ನು ಪರೀಕ್ಷಿಸುವ ದೊಡ್ಡ ಟೆಸ್ಟ್ ರಾಶಿಯಿತ್ತು. ಆಮೇಲೆ ತಂಡ ಆ ರಾಶಿಗೆ ಹೊಸ ಟೆಸ್ಟ್ ಸೇರಿಸಬೇಡಿ, ಎಪಿಐ ಮೂಲಕ ಡೀಮನ್ನನ್ನು ನೇರವಾಗಿ ಕೇಳುವ ಟೆಸ್ಟ್ ಬರೆಯಿರಿ ಎಂದು ನಿಯಮ ಮಾಡಿತು. 2017ರಲ್ಲಿ ಕಮಾಂಡ್‌ಲೈನ್ ಭಾಗ ಬೇರೆ ಯೋಜನೆಯಾಯಿತು. ಅಲ್ಲಿ ಔಟ್‌ಪುಟ್ ಹೀಗೇ ಇರಬೇಕೆಂದು ಒಂದು ಫೈಲಿನಲ್ಲಿ ಬರೆದಿಟ್ಟು ಹೋಲಿಸುವ ಗೋಲ್ಡನ್ ಫೈಲ್ ಪದ್ಧತಿ ಬೆಳೆಯಿತು. ಕೆಲಸ ಹಂಚಿಹೋದದ್ದರಿಂದ ವೇಗ ಬಂತು. ನಷ್ಟವೂ ಇದೆ: ಎಪಿಐ ಸರಿ, ಔಟ್‌ಪುಟ್ ಸರಿ, ಎರಡೂ ಕೂಡುವಲ್ಲಿ ತಪ್ಪು ಎಂಬ ದೋಷಕ್ಕೆ ಜಾಗ ಉಳಿಯುತ್ತದೆ.

ಒಂದೊಂದು ಪಂಥವೂ ಒಂದೊಂದನ್ನು ಚೆನ್ನಾಗಿ ಹಿಡಿಯುತ್ತದೆ. ಮೊದಲನೆಯದು ತರ್ಕದ ತಪ್ಪು, ಎರಡನೆಯದು ಬಳಕೆಯ ತಪ್ಪು, ಮೂರನೆಯದು ಕರಾರಿನ, ಅಂದರೆ ಹೊರಗಿನವರು ನೆಚ್ಚಿಕೊಳ್ಳುವ ವರ್ತನೆಯ ತಪ್ಪು. ಭಾಷೆ ಯಾವುದೆಂಬ ಜಗಳದಲ್ಲಿ ಇದು ಮರೆಯಾಗುತ್ತದೆ.

## ಫ್ಲೇಕಿ ಟೆಸ್ಟ್ ಮತ್ತು ಬಿಟ್ಟುಹೋದ ಕಸ

ಮೂರೂ ಪಂಥಗಳನ್ನು ಸಮನಾಗಿ ಕಾಡುವುದು ಫ್ಲೇಕಿ ಟೆಸ್ಟ್. ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸು, ಒಮ್ಮೆ ಫೇಲು. ಗೂಗಲ್ 2016ರಲ್ಲಿ ಹೇಳಿಕೊಂಡಂತೆ ಅವರ ಟೆಸ್ಟುಗಳಲ್ಲಿ ಸುಮಾರು ಶೇ. 16ರಲ್ಲಿ ಈ ಗುಣ ಒಂದಿಷ್ಟಾದರೂ ಇತ್ತು. ಪಾಸಿನಿಂದ ಫೇಲಿಗೆ ಹೊರಳಿದ ಪ್ರಕರಣಗಳಲ್ಲಿ ಶೇ. 84ರಲ್ಲಿ ಫ್ಲೇಕಿ ಟೆಸ್ಟ್ ಸೇರಿತ್ತು. ಇಂಥ ಕಡೆ ಎಂಜಿನಿಯರು ಫೇಲಿನ ಕೆಂಪು ಗುರುತು ಕಂಡರೆ ಕಾರಣ ಹುಡುಕುವುದಿಲ್ಲ, ಮತ್ತೊಮ್ಮೆ ಓಡಿಸುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅಲ್ಲಿ ಸೋಲುತ್ತದೆ.

ಕಂಟೈನರ್ ಟೂಲುಗಳಲ್ಲಿ ಇದರ ಕಾರಣಗಳು ಸ್ಪಷ್ಟ. ಮೊದಲನೆಯದು ಸಮಯ. ಕಂಟೈನರಿನಲ್ಲಿ ಮೊದಲ ಪ್ರೋಸೆಸ್ ಆಗಿ ಓಡುವ ಸ್ಲೀಪ್ ಕಮಾಂಡ್, ನಿಲ್ಲು ಎಂಬ ಸಾಧಾರಣ ಸಿಗ್ನಲ್ಲಿಗೆ ಕಿವಿಗೊಡುವುದಿಲ್ಲ. ಸಂಖ್ಯೆ 1ರ ಪ್ರೋಸೆಸ್ಸಿಗೆ ಕರ್ನೆಲ್ ಕೊಟ್ಟ ರಕ್ಷಣೆ ಅದು. ಟೂಲ್ 10 ಸೆಕೆಂಡ್ ಕಾದು ಆಮೇಲೆ ಕೊಲ್ಲುತ್ತದೆ. ಇಂಥ ನೂರು ಟೆಸ್ಟ್ ಇದ್ದರೆ 1,000 ಸೆಕೆಂಡ್ ಬರೀ ಕಾಯುವುದರಲ್ಲೇ ಹೋಯಿತು. ಅಳಿಸುವಾಗ ಕಾಯುವ ಅವಧಿ 0 ಎಂದು ಬರೆಯುವುದು ಅದಕ್ಕೇ. ಎರಡನೆಯದು ನೆಟ್‌ವರ್ಕ್. 2020ರ ನವೆಂಬರ್‌ನಲ್ಲಿ ಇಮೇಜುಗಳ ಭಂಡಾರವಾದ ಡಾಕರ್ ಹಬ್ ಅನಾಮಧೇಯ ಬಳಕೆದಾರರಿಗೆ 6 ಗಂಟೆಗೆ 100 ಇಮೇಜ್ ಎಂಬ ಮಿತಿ ಹಾಕಿದಾಗ, ಹೊರಗಿನಿಂದ ಇಮೇಜ್ ಎಳೆಯುವ ಟೆಸ್ಟುಗಳೆಲ್ಲ ಅದರ ಹಂಗಿಗೆ ಬಿದ್ದವು. ತಮ್ಮದೇ ಪುಟ್ಟ ಟೆಸ್ಟ್ ಇಮೇಜನ್ನು ದಿನಾಂಕದ ಗುರುತಿನೊಂದಿಗೆ ಕಟ್ಟಿ ಇಟ್ಟುಕೊಳ್ಳುವುದು ಜಾಣತನ.

ಮೂರನೆಯದೇ ಕ್ಲಿಯರ್ ಬಟನ್ ಒತ್ತದಿರುವುದು. ಒಂದು ಟೆಸ್ಟ್ ಬಿಟ್ಟುಹೋದ ವಾಲ್ಯೂಮ್, ನೆಟ್‌ವರ್ಕ್ ಅಥವಾ ಅರೆಜೀವದ ಕಂಟೈನರ್ ಮುಂದಿನ ಟೆಸ್ಟಿನ ಎಣಿಕೆ ಕೆಡಿಸುತ್ತದೆ. ಬಹುಕಾಲ ನಡೆದ ಉಪಾಯವೆಂದರೆ ಪ್ರತಿ ಟೆಸ್ಟಿನ ಬಳಿಕ ಎಲ್ಲವನ್ನೂ ಗುಡಿಸಿಹಾಕುವುದು. ಟೆಸ್ಟುಗಳನ್ನು ಏಕಕಾಲಕ್ಕೆ ಓಡಿಸಲು ಹೊರಟಾಗ ಅದೇ ಉಪಾಯ ತಿರುಗಿಬಿತ್ತು: ಒಬ್ಬನ ಪೊರಕೆ ಇನ್ನೊಬ್ಬನ ಓಡುತ್ತಿರುವ ಕಂಟೈನರನ್ನೂ ಗುಡಿಸುತ್ತದೆ. 2024ರಲ್ಲಿ ಪಾಡ್‌ಮನ್ ತನ್ನ ಬ್ಯಾಟ್ಸ್ ಟೆಸ್ಟುಗಳನ್ನು ಸಮಾನಾಂತರಕ್ಕೆ ಒಗ್ಗಿಸಿದಾಗ ದಾರಿ ಬದಲಾಯಿತು. ಪ್ರತಿ ಟೆಸ್ಟ್ ತನ್ನ ವಸ್ತುಗಳಿಗೆ ಅನನ್ಯ ಹೆಸರಿಡಬೇಕು, ತನ್ನದನ್ನು ತಾನೇ ಅಳಿಸಬೇಕು. ಏನಾದರೂ ಉಳಿದಿದೆಯೇ ಎಂದು ನೋಡುವ ಸೋರಿಕೆ ತಪಾಸಣೆಯೂ ಬಂತು.

## ಯಾವ ಯಂತ್ರದ ಮೇಲೆ ಪಾಸು?

ಒಂದೇ ಟೆಸ್ಟನ್ನು ರೂಟ್ ಆಗಿ, ಸಾಮಾನ್ಯ ಬಳಕೆದಾರನಾಗಿ, ಸ್ಥಳೀಯವಾಗಿ, ದೂರದ ಸರ್ವರ್ ಮೂಲಕ ಓಡಿಸಿದರೆ ನಾಲ್ಕು ಬಗೆಯ ಉತ್ತರ ಬರಬಹುದು. ಇದರ ಜತೆಗೆ ಸಿಗ್ರೂಪ್‌ನ ಎರಡು ತಲೆಮಾರು. ಎರಡನೆಯ ಆವೃತ್ತಿ 2016ರಲ್ಲೇ ಕರ್ನೆಲ್ಲಿನಲ್ಲಿ ಅಧಿಕೃತವಾದರೂ, ಫೆಡೋರಾ ಅದನ್ನು ಸಹಜ ಆಯ್ಕೆಯಾಗಿಸಿದ್ದು 2019ರ ಅಕ್ಟೋಬರ್‌ನಲ್ಲಿ, ಡಾಕರ್ ಅದಕ್ಕೆ ಪೂರ್ಣ ಬೆಂಬಲ ಕೊಟ್ಟದ್ದು 2020ರ ಕೊನೆಗೆ. ನಡುವಿನ ವರ್ಷದಲ್ಲಿ ಒಂದು ಯಂತ್ರದ ಹಸಿರು ಇನ್ನೊಂದರಲ್ಲಿ ಕೆಂಪಾಗಿತ್ತು. ಇಲ್ಲಿ ಸ್ಕಿಪ್ ಎಂಬ ಸೌಲಭ್ಯ ಬೇಕೇ ಬೇಕು, ಅಪಾಯವೂ ಹೌದು. ಕಾರಣ ಬರೆಯದೆ ಹಾರಿಸಿದ ಟೆಸ್ಟ್ ವರ್ಷಗಟ್ಟಲೆ ಮೂಲೆಗುಂಪಾಗಿರುತ್ತದೆ, ಯಾರೂ ಕೇಳುವುದಿಲ್ಲ.

ಕನ್ನಡಿಗರು ಗಮನಿಸಬೇಕಾದ ಒಂದು ಮೂಲೆಯೂ ಇದೆ. ಕಂಟೈನರಿನ ಹೆಸರಿಗೆ ಲ್ಯಾಟಿನ್ ಅಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳು ಮಾತ್ರ ಸಲ್ಲುತ್ತವೆ. ಲೇಬಲ್ಲಿನ ಬೆಲೆಗೆ, ಮೌಂಟ್ ಮಾಡುವ ಫೈಲಿನ ಹೆಸರಿಗೆ ಆ ನಿರ್ಬಂಧವಿಲ್ಲ. ಜಾಲಹಳ್ಳಿ ಎಂದು ಲೇಬಲ್ ಕೊಟ್ಟರೆ ಕಣ್ಣಿಗೆ 4 ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 8 ಸಂಕೇತ, ಯುಟಿಎಫ್-8ರಲ್ಲಿ 24 ಬೈಟ್. ಗೋ ಭಾಷೆಯ ಕಾಲಮ್ ಜೋಡಿಸುವ ಟ್ಯಾಬ್‌ರೈಟರ್, ಎಲ್ಲ ಸಂಕೇತಗಳ ಅಗಲವೂ ಒಂದೇ ಎಂದು ಎಣಿಸುತ್ತದೆ. ಒತ್ತಕ್ಷರ, ಗುಣಿತಗಳಿರುವ ಲಿಪಿಯಲ್ಲಿ ಸಾಲು ಸರಿದುಹೋಗುತ್ತದೆ. ಬೈಟ್ ಎಣಿಸಿ ಪಠ್ಯ ಕತ್ತರಿಸುವ ಕೋಡ್ ಇದ್ದರೆ ಅಕ್ಷರವೇ ಮುರಿಯುತ್ತದೆ. ಇಂಗ್ಲಿಷ್ ಪದಗಳನ್ನಷ್ಟೇ ಕೊಡುವ ಟೆಸ್ಟಿಗೆ ಇದು ಎಂದೂ ಕಾಣದು.

## ಇತ್ಯರ್ಥವಾಗದ ಪ್ರಶ್ನೆಗಳು

ಮೊದಲನೆಯದು, ಔಟ್‌ಪುಟ್ ಎಷ್ಟರಮಟ್ಟಿಗೆ ಕರಾರು? ಎಕ್ಸಿಟ್ ಕೋಡ್ ಕರಾರು ಎಂಬುದರಲ್ಲಿ ಒಮ್ಮತವಿದೆ. ದೋಷಸಂದೇಶದ ಪದಗಳ ವಿಷಯದಲ್ಲಿಲ್ಲ. ಅಕ್ಷರಶಃ ಹೋಲಿಸಿದರೆ ಒಂದು ಪದ ತಿದ್ದಿದಾಗ ಹತ್ತಾರು ಟೆಸ್ಟ್ ಬೀಳುತ್ತವೆ. ಸಡಿಲ ಬಿಟ್ಟರೆ ತಪ್ಪು ಕಾರಣಕ್ಕೆ ಬಂದ ದೋಷವೂ ಪಾಸಾಗುತ್ತದೆ. ಹೊರಗೆ ಕಾಣುವ ಎಲ್ಲ ವರ್ತನೆಯನ್ನೂ ಯಾರಾದರೊಬ್ಬರು ನೆಚ್ಚಿಕೊಂಡಿರುತ್ತಾರೆ ಎಂಬ ಹೈರಮ್ ನಿಯಮ ಇಲ್ಲಿ ಎರಡೂ ಕಡೆಯವರಿಗೆ ಸಾಕ್ಷಿ.

ಎರಡನೆಯದು, ಫೇಲಾದದ್ದನ್ನು ತಾನಾಗಿ ಮತ್ತೆ ಓಡಿಸಬೇಕೇ? ಓಡಿಸಿದರೆ ಕೆಲಸ ಸಾಗುತ್ತದೆ, ನಿಜವಾದ ರೇಸ್ ದೋಷ ಮುಚ್ಚಿಹೋಗುತ್ತದೆ. ಓಡಿಸದಿದ್ದರೆ ಇಡೀ ತಂಡ ನಿಲ್ಲುತ್ತದೆ.

ಮೂರನೆಯದು, ಎರಡು ಟೆಸ್ಟ್ ಕಟ್ಟು ಇಟ್ಟುಕೊಳ್ಳುವುದು ಸಂಪತ್ತೋ ಹೊರೆಯೋ? ಎಷ್ಟು ಸಿಸ್ಟಮ್ ಟೆಸ್ಟ್ ಇದ್ದರೆ ಸಾಕು ಎಂಬುದಕ್ಕೂ ಅಳತೆಯಿಲ್ಲ. ಕೋಡಿನ ಯಾವ ಸಾಲು ಓಡಿತು ಎಂಬ ಶೇಕಡಾವಾರು ಲೆಕ್ಕ ಕರ್ನೆಲ್ ಜತೆಗಿನ ಸಂದಿಯನ್ನು ಅಳೆಯುವುದಿಲ್ಲ.

ಇಷ್ಟು ನೋಡಿದ ಮೇಲೆ ನನ್ನ ತೀರ್ಮಾನ ಇದು. ಭಾಷೆಯ ಆಯ್ಕೆ ಎರಡನೆಯ ಮಾತು. ಬಳಕೆದಾರ ಕೊಡುವ ಕಮಾಂಡನ್ನೇ ಕೊಟ್ಟು, ನಿಜವಾದ ಕರ್ನೆಲ್ಲಿನ ಮೇಲೆ ಓಡಿ, ಬಿದ್ದಾಗ ಕಾರಣ ಹೇಳಿ, ತನ್ನ ಕಸ ತಾನೇ ತೆಗೆದುಕೊಂಡು ಹೋಗುವ ಟೆಸ್ಟಿನ ಹಸಿರನ್ನು ಮಾತ್ರ ನಂಬಬಹುದು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಆ ಹಸಿರು ಬರೀ ಬಣ್ಣ.

2001ರಲ್ಲಿ ಲಿನಕ್ಸ್ ಬ್ಯಾಂಗಲೋರ್ ಎಂದು ಶುರುವಾಗಿ, ಮುಂದೆ ಫಾಸ್ ಡಾಟ್ ಇನ್ ಹೆಸರಿನಲ್ಲಿ 2012ರವರೆಗೆ ನಡೆದ ಸಮ್ಮೇಳನ, ಬರೀ ಬಳಸುವವರಾಗಿ ಉಳಿಯದೆ ಕೋಡ್ ಕೊಡುವವರಾಗಿ ಎಂದು ಈ ಊರಿನವರನ್ನು ಒತ್ತಾಯಿಸಿತ್ತು. ಆ ಕರೆ ಇಂದಿಗೂ ಸಲ್ಲುತ್ತದೆ. ಪಾಡ್‌ಮನ್, ರನ್‌ಸಿ, ಡಾಕರ್ ಕಮಾಂಡ್‌ಲೈನ್ ಮೂರರ ಟೆಸ್ಟುಗಳೂ ಎಲ್ಲರಿಗೂ ತೆರೆದಿವೆ. ಯಾವುದಾದರೂ ಒಂದನ್ನು ಇಳಿಸಿಕೊಂಡು ನಿಮ್ಮ ಯಂತ್ರದಲ್ಲಿ ಓಡಿಸಿ ನೋಡಿ, ಬಿದ್ದದ್ದರ ಕಾರಣ ಹುಡುಕಿ, ಇಲ್ಲದ ಒಂದನ್ನು ಬರೆದು ಕಳಿಸಿ. ಕನ್ನಡದ ಲೇಬಲ್ ಹೊತ್ತ ಕಂಟೈನರಿನ ಟೆಸ್ಟಿನಿಂದಲೇ ಆರಂಭಿಸಬಹುದು. ಅದು ಬೇಕೆಂದು ಹೊಳೆಯುವುದು ನಮಗೇ. ಹಾಗಾಗಿ ಬರೆಯಬೇಕಾದವರೂ ನಾವೇ.